ಮನಿ ಕನ್ನಡ, ಸಾಲಿ ಕನ್ನಡ

ಭಾಷಾವಿಜ್ಞಾನದ ಮೊದಲ ತರಗತಿಯಲ್ಲಿ ನಾನು ಪುಸ್ತಕ ತೆರೆಸುವುದಿಲ್ಲ. ಮನೆ, ಪೇಟೆ, ಹೊಳೆ, ಶಾಲೆ ಇವಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ ಅಂತ ಕೇಳುತ್ತೇನೆ. ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗರು ಪಟಪಟನೆ ಹೇಳುತ್ತಾರೆ: ಮನಿ, ಪ್ಯಾಟಿ, ಹೊಳಿ, ಸಾಲಿ. ಸರಿ, ಮೇಲೆ, ನನಗೆ, ಬರ್ತಾರೆ? ಮ್ಯಾಲ, ನನಗ, ಬರ್ತಾರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪೇಟೆ, ಮೇಲೆ ಎರಡೂ ಮುಗಿಯುವುದು 'ಎ'ಕಾರದಲ್ಲೇ. ಆದರೂ ಒಂದು ಪ್ಯಾಟಿ ಆಯಿತು, ಇನ್ನೊಂದು ಮ್ಯಾಲ ಆಯಿತು. ಸಾಮಾನ್ಯವಾಗಿ ಹೆಸರುಪದದ ಕೊನೆಗೆ 'ಇ' ಬರುತ್ತದೆ. ಕ್ರಿಯಾಪದಕ್ಕೆ, ಮೇಲೆ-ಒಳಗೆಯಂಥ ಪದಗಳಿಗೆ 'ಅ' ಬರುತ್ತದೆ. ಇಲ್ಲಿ ಬೆಳೆದವರು ಯಾರೂ 'ಪ್ಯಾಟ' ಅನ್ನುವುದಿಲ್ಲ, 'ಮ್ಯಾಲಿ' ಅನ್ನುವುದೂ ಇಲ್ಲ. ಯಾರೂ ಕೂರಿಸಿ ಕಲಿಸಿದ್ದಲ್ಲ, ಕೇಳಿ ಕೇಳಿ ಬಂದದ್ದು. ವ್ಯಾಕರಣ ಅಂದರೆ ಇದೇ ಅಲ್ವಾ?

ಅದಕ್ಕೇ, 'ಸಾಲಿಗೆ ಹೋದೆ' ಅಂತ ಬರೆದ ಮಗುವಿನ ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಕಂಡರೆ ನನಗೆ ಸಂಕಟವಾಗುತ್ತದೆ. ಬರವಣಿಗೆಯ ಕನ್ನಡ ಬೇಕೇ ಬೇಕು. ಬೀದರಿನವರೂ ಮಂಗಳೂರಿನವರೂ ಒಂದೇ ಪತ್ರಿಕೆ ಓದಬೇಕಲ್ಲ. ಹಾಗಂತ ಮನೆಯ ಕನ್ನಡ ಕೆಟ್ಟದ್ದಾಗುವುದಿಲ್ಲ.

ಯಾವ ಮಾತು ಶುದ್ಧ, ಯಾವುದು ಒರಟು ಅನ್ನುವ ತೀರ್ಮಾನ ಸಮಾಜದ್ದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಇದೇ ಧಾರವಾಡದಲ್ಲಿ ಮರಾಠಿಗೆ ಮರ್ಯಾದೆ ಜಾಸ್ತಿ ಇತ್ತು. ಕನ್ನಡದಲ್ಲೇನೂ ಕೊರತೆ ಇರಲಿಲ್ಲ, ಕಚೇರಿ ಮತ್ತು ನೌಕರಿ ಮರಾಠಿಯ ಕಡೆಗಿದ್ದವು. ಆ ಕೊರಗೇ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿಸಿತು.

ಇನ್ನೊಂದು ಸಂಗತಿ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ತಲೆತಲಾಂತರದಿಂದ ಒಟ್ಟಿಗೆ ಬದುಕಿದ್ದಾರೆ. ಭಾಷೆಯ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಆ ಊರಿನ ಬಗ್ಗೆ ಬರೆದರು. ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ, ಪದಗಳು ಮಾತ್ರ ಬೇರೆ. ಅಷ್ಟು ಹತ್ತಿರ ಬಂದರೂ ಮನೆಮಾತನ್ನು ಯಾರೂ ಬಿಡಲಿಲ್ಲ. ನಾನು ಇಂಥವರ ಪೈಕಿ ಅಂತ ತೋರಿಸುವ ಗುರುತು ಅದು. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಒಂದು ಸಂಜೆ ಸುಮ್ನೆ ನಿಂತು ಕೇಳಿ, ಇದು ಅರ್ಥವಾಗುತ್ತದೆ.

ಶಿಕ್ಷಕರಾಗಲು ಬಂದವರಿಗೆ ನಾನು ಹೇಳುವುದಿಷ್ಟು. ಹಲಗೆಯ ಮೇಲೆ 'ಸಾಲಿ' ಬರೆಯಿರಿ, ಪಕ್ಕದಲ್ಲಿ 'ಶಾಲೆ' ಬರೆಯಿರಿ. ಯಾವುದನ್ನು ಎಲ್ಲಿ ಬಳಸುತ್ತೀರಿ ಅಂತ ಮಕ್ಕಳನ್ನೇ ಕೇಳಿ. ಮೊದಲನೆಯದನ್ನು ಒರೆಸಬೇಡಿ.