ಇಂಗ್ಲಿಷ್ ಪರೀಕ್ಷೆಯ ಸಿಂಧುತ್ವ ಎಂದರೇನು?

ವಿದೇಶದಲ್ಲಿ ಓದಲು, ಕೆಲಸ ಮಾಡಲು ಹೊರಡುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದನ್ನು ಬರೆದವರನ್ನು ‘ಸ್ಕೋರ್‌ಗೆ ವ್ಯಾಲಿಡಿಟಿ ಎಷ್ಟು?’ ಎಂದು ಕೇಳಿದರೆ ‘ಎರಡು ವರ್ಷ’ ಅನ್ನುತ್ತಾರೆ. ಅದು ಅವಧಿಯ ಮಾತು. ಪರೀಕ್ಷೆ ರೂಪಿಸುವವರು ಹೇಳುವ ಸಿಂಧುತ್ವ ಬೇರೆ. ಬಿ.ಎಡ್. ಪುಸ್ತಕಗಳಲ್ಲಿ ಇದಕ್ಕೆ ಸಪ್ರಮಾಣತೆ ಎಂಬ ಹೆಸರೂ ಇದೆ. ಅಳೆಯಬೇಕಾದದ್ದನ್ನೇ ಪರೀಕ್ಷೆ ಅಳೆಯುತ್ತಿದೆಯಾ? ಬಂದ ಅಂಕ ನೋಡಿ ನಾವು ಮಾಡುವ ತೀರ್ಮಾನಕ್ಕೆ ಸರಿಯಾದ ಆಧಾರ ಇದೆಯಾ? ಸಿಂಧುತ್ವ ಅಂದರೆ ಈ ಎರಡು ಪ್ರಶ್ನೆ.

ಮೊದಲನೆಯದು ಹಳೆಯದು. ಎರಡನೆಯದಕ್ಕೆ ಒತ್ತು ಕೊಟ್ಟವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಮೆಸಿಕ್ ಮುಖ್ಯರು. 1989ರಲ್ಲಿ ಪ್ರಕಟವಾದ ಒಂದು ದೀರ್ಘ ಬರಹದಲ್ಲಿ ಅವರು, ಸಿಂಧುತ್ವ ಪ್ರಶ್ನೆಪತ್ರಿಕೆಯ ಗುಣವಲ್ಲ, ಅಂಕಕ್ಕೆ ನಾವು ಕೊಡುವ ಅರ್ಥ ಮತ್ತು ಅದರ ಬಳಕೆಗೆ ಸೇರಿದ್ದು ಎಂದು ವಾದಿಸಿದರು. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ‘ಈ ಪರೀಕ್ಷೆ ಒಳ್ಳೆಯದಾ?’ ಎಂದಷ್ಟೇ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸಕ್ಕೆ ಎಂದೂ ಕೇಳಬೇಕು.

ಪರೀಕ್ಷೆ ಎರಡು ರೀತಿಯಲ್ಲಿ ದಾರಿ ತಪ್ಪಬಹುದು. ಒಂದು, ಅಳೆಯಬೇಕಾದದ್ದರಲ್ಲಿ ಸ್ವಲ್ಪ ಭಾಗವನ್ನು ಬಿಟ್ಟೇಬಿಡುವುದು. ಅಮೆರಿಕದಲ್ಲಿ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಟೋಫೆಲ್ ಇದಕ್ಕೆ ಒಳ್ಳೆಯ ಉದಾಹರಣೆ. 1964ರಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಬಹಳ ಕಾಲ ಇದ್ದದ್ದು ಸರಿ ಉತ್ತರ ಆರಿಸುವ ಪ್ರಶ್ನೆಗಳು ಮಾತ್ರ. ಪ್ರಬಂಧ ಬರೆಸಲು ತೊಡಗಿದ್ದು 1986ರಲ್ಲಿ. ಮಾತು ಮುಖ್ಯ ಪರೀಕ್ಷೆಯೊಳಗೆ ಬಂದದ್ದು 2005ರಲ್ಲಿ, ಇಂಟರ್ನೆಟ್ ಟೋಫೆಲ್ ಜೊತೆಗೆ. ಅಲ್ಲಿಯವರೆಗೆ, ಅಮೆರಿಕದ ತರಗತಿಯಲ್ಲಿ ಕೂತು ಚರ್ಚೆ ಮಾಡಬೇಕಾದ ವಿದ್ಯಾರ್ಥಿ ಬಾಯಿ ಬಿಡದೆಯೇ ಒಳ್ಳೆಯ ಅಂಕ ತೆಗೆಯಬಹುದಿತ್ತು. ಪರೀಕ್ಷೆಯಲ್ಲಿ ಇಲ್ಲದ್ದನ್ನು ಕೋಚಿಂಗ್‌ನಲ್ಲಿ ಯಾರು ಕಲಿಸುತ್ತಾರೆ, ಅಲ್ವಾ?

ಇನ್ನೊಂದು, ಸಂಬಂಧವಿಲ್ಲದ್ದು ಅಂಕದೊಳಗೆ ನುಸುಳುವುದು. ಕಂಪ್ಯೂಟರಿನಲ್ಲಿ ಟೈಪ್ ಮಾಡುವ ವೇಗ, ಪ್ರಬಂಧದ ವಿಷಯದ ಪರಿಚಯ, ಬಾಯಿಪಾಠ ಮಾಡಿದ ಉತ್ತರ, ಇವೆಲ್ಲ ಇಂಗ್ಲಿಷ್ ಜ್ಞಾನವಲ್ಲ. ಆದರೂ ಅಂಕವನ್ನು ಏರಿಸುತ್ತವೆ, ಇಳಿಸುತ್ತವೆ. ನಮ್ಮ ಶಾಲೆಗಳಲ್ಲಿ ಗೈಡ್ ನೋಡಿ ಕಂಠಪಾಠ ಮಾಡಿದ ಪತ್ರಲೇಖನಕ್ಕೆ ಪೂರ್ತಿ ಅಂಕ ಕೊಟ್ಟಾಗ ನಾವು ಅಳೆದದ್ದು ನೆನಪಿನ ಶಕ್ತಿಯನ್ನು.

ವಿಶ್ವಸನೀಯತೆಯನ್ನು ಇದರ ಜೊತೆ ಬೆರೆಸಬಾರದು. ಇಬ್ಬರು ಮೌಲ್ಯಮಾಪಕರು ಒಂದೇ ಉತ್ತರಕ್ಕೆ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟರೆ ಅದು ವಿಶ್ವಸನೀಯತೆ. ಅದು ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಇದೆಲ್ಲ ಬರೀ ಪುಸ್ತಕದ ಚರ್ಚೆ ಅಲ್ಲ. ವಿದೇಶಕ್ಕೆ ಹೊರಡುವ ನಮ್ಮ ನರ್ಸ್‌ಗಳಿಗೆ ಇದು ಬದುಕಿನ ಪ್ರಶ್ನೆ. ವಾರ್ಡಿನಲ್ಲಿ ರೋಗಿಯ ಜೊತೆ ಮಾತಾಡಲು, ವರದಿ ಬರೆಯಲು ಎಷ್ಟು ಇಂಗ್ಲಿಷ್ ಬೇಕು? ಸಾಮಾನ್ಯ ವಿಷಯದ ಮೇಲೆ ಬರೆದ ಪ್ರಬಂಧ ಅದನ್ನು ತೋರಿಸುತ್ತದಾ? ಬ್ರಿಟನ್ನಿನಲ್ಲಿ ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2017ರಲ್ಲಿ ಐಇಎಲ್‌ಟಿಎಸ್ ಜೊತೆಗೆ ಓಇಟಿ ಎಂಬ ಪರೀಕ್ಷೆಯನ್ನೂ ಒಪ್ಪಿಕೊಂಡಿತು. ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಈ ಪರೀಕ್ಷೆಯಲ್ಲಿ ರೋಗಿಯ ವಿವರ ಓದಿಕೊಂಡು ಪತ್ರ ಬರೆಯಬೇಕು, ರೋಗಿಯ ಪಾತ್ರ ಮಾಡುವವರ ಜೊತೆ ಮಾತಾಡಬೇಕು. ಮಾರನೆಯ ವರ್ಷ ಅದೇ ಕೌನ್ಸಿಲ್ ಐಇಎಲ್‌ಟಿಎಸ್ ಬರವಣಿಗೆಗೆ ಬೇಕಾದ ಸ್ಕೋರನ್ನು 7ರಿಂದ 6.5ಕ್ಕೆ ಇಳಿಸಿತು. ಓದು, ಕೇಳುವಿಕೆ, ಮಾತಿಗೆ 7 ಹಾಗೇ ಉಳಿಯಿತು. ಬದಲಾದದ್ದು ಪರೀಕ್ಷೆಯಲ್ಲ, ನರ್ಸ್ ಕೆಲಸಕ್ಕೆ ಎಷ್ಟು ಅಂಕ ಸಾಕು ಎಂಬ ತೀರ್ಮಾನ.

ಹಾಗಾಗಿ ಕನಿಷ್ಠ ಇಷ್ಟು ಅಂಕ ಬೇಕು ಎಂಬ ಇಂಥ ಗಡಿ ಹಾಕುವ ಕಾಲೇಜು, ಕಂಪನಿ, ಸರ್ಕಾರ ಯಾವುದೇ ಇರಲಿ, ‘ಈ ಅಂಕವೇ ಯಾಕೆ?’ ಎಂದು ಕೇಳುವ ಹಕ್ಕು ಪರೀಕ್ಷೆ ಬರೆಯುವವರಿಗೆ ಇದೆ. ಅದಕ್ಕಿಂತ ಕಡಿಮೆ ಬಂದವರು ನಿಜಕ್ಕೂ ಆ ಕೆಲಸದಲ್ಲಿ ಎಡವುತ್ತಾರೆ ಎಂಬುದಕ್ಕೆ ಆಧಾರ ತೋರಿಸಬೇಕಾದ್ದು ಗಡಿ ಹಾಕಿದವರು.