ಸೀಸದ ಧೂಳು: ಮೊದಲು ಕಿಟಕಿ ಕಟ್ಟೆ ನೋಡಿ

ಹಳೆ ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಮೊದಲು ಕಿಟಕಿ, ಬಾಗಿಲು, ಗ್ರಿಲ್‌ಗಳ ಎನಾಮೆಲ್ ಪೇಂಟ್ ನೋಡಿ. ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದದ್ದರಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ, ಸೀಸವಿದೆ ಎಂದೇ ಹಿಡಿದು ಹೊರಡುವುದು ಕ್ಷೇಮ.

ಕದ ಚೌಕಟ್ಟಿಗೆ ಉಜ್ಜುವಲ್ಲಿ ಪೇಂಟ್ ನುಣ್ಣಗೆ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ಇನ್ನೂ ಜಾಸ್ತಿ. ಕಿರುಬೆರಳ ಉಗುರಿನಷ್ಟು ಪೇಂಟ್ ಚಕ್ಕೆ 10 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಶೇ. 1ರಷ್ಟು ಸೀಸವಿದೆ ಎಂದಿಟ್ಟುಕೊಳ್ಳಿ: 100 ಮೈಕ್ರೋಗ್ರಾಂ ಆಯಿತು. ಸೀಸ ತೆಗೆದು ಶುಚಿ ಮಾಡಿದ ಮೇಲೆ ಧೂಳಿನಲ್ಲಿ ಸೀಸ ಎಷ್ಟಕ್ಕಿಂತ ಕಡಿಮೆ ಇರಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಗೊತ್ತುಮಾಡಿದೆ: ಚದರ ಅಡಿ ನೆಲಕ್ಕೆ 5 ಮೈಕ್ರೋಗ್ರಾಂ, ಕಿಟಕಿ ಕಟ್ಟೆಗೆ 40.

ಧೂಳಿನಲ್ಲಿ ಸೀಸ ಎಷ್ಟಿದೆಯೆಂದು ತಿಳಿಯಲು ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಬೇಕು. ಸ್ಯಾಂಪಲ್ ತೆಗೆಯುವ ದಿನ ಗುಡಿಸಿ ಒರೆಸಿಬಿಟ್ಟರೆ ಪರೀಕ್ಷೆಯೇ ದಂಡ. ಮಗು ಆಡುವ ನೆಲದಲ್ಲಿ ಒಂದು ಚದರ ಅಡಿಗೆ ಟೇಪ್ ಅಂಟಿಸಿ ಗುರುತು ಮಾಡಿ. ಹೊಸ ಗ್ಲೌಸ್ ಹಾಕಿಕೊಂಡು, ಲ್ಯಾಬ್ ಕೊಟ್ಟ ಒದ್ದೆ ವೈಪ್‌ನಿಂದ ಅಡ್ಡಡ್ಡ ಹಾವಿನ ನಡೆಯಲ್ಲಿ ಒರೆಸಿ. ಧೂಳು ಒಳಗಾಗುವಂತೆ ಮಡಚಿ ಉದ್ದುದ್ದ ಒರೆಸಿ. ಮತ್ತೆ ಮಡಚಿ ಅಂಚು, ಮೂಲೆ ಮುಗಿಸಿ. ವೈಪನ್ನು ಗಟ್ಟಿ ಪ್ಲಾಸ್ಟಿಕ್ ಟ್ಯೂಬ್‌ಗೆ ಹಾಕಿ. ಜಿಪ್ ಕವರ್ ಬೇಡ, ಧೂಳು ಅದರ ಗೋಡೆಗೇ ಮೆತ್ತಿಕೊಳ್ಳುತ್ತದೆ. ಕಿಟಕಿ ಕಟ್ಟೆಯಾದರೆ ಒರೆಸಿದ ಜಾಗದ ಉದ್ದ, ಅಗಲ ಬರೆದಿಡಲೇಬೇಕು. ಬಳಸದ ಒಂದು ವೈಪನ್ನೂ ಹಾಗೇ ಮಡಚಿ ಕಳಿಸಿ. ಅದರಲ್ಲೂ ಸೀಸ ಸಿಕ್ಕರೆ ತಪ್ಪು ನಿಮ್ಮ ಕೈಯಲ್ಲೋ ವೈಪ್‌ನಲ್ಲೋ ಇದೆ. ಸೀಸ ತಗುಲಿದರೆ ಬಣ್ಣ ಬದಲಾಗುವ ಸ್ವ್ಯಾಬ್ (ಉಜ್ಜಿ ನೋಡುವ ಕಡ್ಡಿ) ಕಿಟ್ ಈ ಕೆಲಸಕ್ಕಲ್ಲ. ಧೂಳಿನಲ್ಲಿ ಸೀಸ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ.

ಕಿಟಕಿ ಕಟ್ಟೆ ಶುದ್ಧವಾಗಿದ್ದು ಹೊಸಿಲ ಬಳಿಯ ನೆಲದಲ್ಲಿ ಅಂಕಿ ಏರಿದ್ದರೆ ಸೀಸದ ಮೂಲವನ್ನು ಪೇಂಟ್ ಬಿಟ್ಟು ಚಪ್ಪಲಿ, ಬಟ್ಟೆಗಳಲ್ಲಿ ಹುಡುಕಿ. ಬ್ಯಾಟರಿ ರಿಪೇರಿ, ಸೀಸ ಕರಗಿಸುವ ಕೆಲಸದವರು ಅದನ್ನು ಮೈಮೇಲೆ ಹೊತ್ತು ತರುತ್ತಾರೆ. ಅಂಥ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ಹಬ್ಬಕ್ಕೆ ಪೇಂಟ್ ಮಾಡಿಸುವಾಗ ಒಣ ಉಪ್ಪುಕಾಗದ ಉಜ್ಜಿಸುವುದು ತೀರಾ ಕೆಟ್ಟದ್ದು. ನೀರು ಚಿಮುಕಿಸಿ ಉಜ್ಜಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿಸಿ. ಮಕ್ಕಳು, ಬಸುರಿಯರು ಅಷ್ಟು ದಿನ ಬೇರೆ ಮನೆಯಲ್ಲಿರಲಿ. ಆಮೇಲೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲೇ ಒರೆಸಿ, ಒಂದು ಬಕೆಟ್ ಸೋಪಿನ ನೀರು, ಇನ್ನೊಂದು ಜಾಲಿಸುವುದಕ್ಕೆ.

ಧೂಳಿನ ಅಂಕಿ ಹೆಚ್ಚಿದ್ದರೆ ಲಕ್ಷಣಕ್ಕೆ ಕಾಯದೆ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಮೇಲಿನ ಧೂಳೂ ಸೇರಬಹುದು, ಹಾಗಾಗಿ ಅಂಕಿ ಜಾಸ್ತಿ ಬಂದರೆ ರಕ್ತನಾಳದಿಂದ ತೆಗೆಸಿ ಖಚಿತಪಡಿಸಿಕೊಳ್ಳಿ. ಜೊತೆಗೇ ಕಬ್ಬಿಣಾಂಶವನ್ನೂ ನೋಡಿಸಿ. ಅದು ಕಮ್ಮಿಯಿರುವ ಮಗುವಿನ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ.