ಸಿಡಬ್ಲ್ಯೂಡಿ ಸ್ಟ್ರೇನ್ ನೋಟ್ಸ್: ಪ್ರೋಟೀನ್ ಒಂದೇ, ಮಡಿಕೆ ಬೇರೆ

ಪುಣೆಯಲ್ಲಿ ಮೈಕ್ರೋಬಯಾಲಜಿ, ವೆಟರ್ನರಿ ಓದ್ತಿರೋ ನಮ್ ಕನ್ನಡದ ಹುಡುಗ ಹುಡುಗೀರಿಗೆ ಅಂತ ಇದನ್ನ ಬರೀತಿದೀನಿ. ಪ್ರಿಯಾನ್ ಅಂದ್ರೇನು, ಒಳ್ಳೆ ಪಿಆರ್‌ಪಿ ಕೆಟ್ಟದಾಗೋದು ಹೇಗೆ, ಅದೆಲ್ಲ ಟೆಕ್ಸ್ಟ್‌ಬುಕ್ಕಲ್ಲಿದೆ, ವಿವರ ಬಿಟ್ಬಿಡ್ತೀನಿ. ಇಷ್ಟು ಸಾಕು: ಪಿಆರ್‌ಪಿ ಅಂದ್ರೆ ದೇಹದಲ್ಲಿ ಸಹಜವಾಗೇ ಇರೋ ಒಂದು ಪ್ರೋಟೀನು, ಅದು ತಪ್ಪಾಗಿ ಮಡಿಸ್ಕೊಂಡು ಕಾಯಿಲೆ ತರೋ ರೂಪಾನೇ ಪ್ರಿಯಾನ್. ಜಿಂಕೆ ಜಾತಿಯ ಪ್ರಾಣಿಗಳ ಮೆದುಳು ಹಾಳುಮಾಡಿ ಕೊಲ್ಲೋ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (ಸಿಡಬ್ಲ್ಯೂಡಿ) ಮೊದಲು ಕಣ್ಣಿಗೆ ಬಿದ್ದಿದ್ದು 1967ರಲ್ಲಿ, ಕೊಲರಾಡೋದಲ್ಲಿ ಸಾಕಿದ್ದ ಮ್ಯೂಲ್ ಡೀರ್‌ಗಳಲ್ಲಿ. ಇದು ಮೆದುಳಲ್ಲಿ ಸ್ಪಂಜಿನ ಥರ ತೂತು ಬೀಳೋ, ಈಗ ಪ್ರಿಯಾನ್ ಕಾಯಿಲೆ ಅಂತ ಕರೆಯೋ ಗುಂಪಿನದು ಅಂತ ವೆಟರ್ನರಿ ಪೆಥಾಲಜಿಸ್ಟ್ ಎಲಿಜಬೆತ್ ವಿಲಿಯಮ್ಸ್ ಗುರುತಿಸಿದ್ದು 1970ರ ದಶಕದ ಕೊನೇಲಿ. ಆಮೇಲೆ ವೈಟ್‌ಟೇಲ್ಡ್ ಡೀರ್, ಎಲ್ಕ್, ಮೂಸ್, ರೇನ್‌ಡೀರ್ ಎಲ್ಲದ್ರಲ್ಲೂ ಸಿಕ್ತು.

ಈಗ ಸಿಕ್ಕಾಕೊಳ್ಳೋ ಜಾಗಕ್ಕೆ ಬರೋಣ. ವೈರಸ್ಸಲ್ಲಿ ಸ್ಟ್ರೇನ್ (ಒಂದೇ ರೋಗಾಣುವಿನ ಬೇರೆ ಬೇರೆ ತಳಿ) ಅಂದ್ರೆ ಜೀನೋಮ್ ಬೇರೆ, ಮುಗೀತು. ಪ್ರಿಯಾನಲ್ಲಿ ಡಿಎನ್‌ಎ ಇಲ್ಲ, ಆರ್‌ಎನ್‌ಎ ಇಲ್ಲ, ಬರೀ ಪ್ರೋಟೀನು, ಅದೂ ಆ ಜಿಂಕೆ ತಾನೇ ತಯಾರಿಸಿದ ಪ್ರೋಟೀನು. ಹಾಗಾದ್ರೆ ನಾನು ಬೇರೆ ಸ್ಟ್ರೇನು ಅನ್ನೋ ಮಾಹಿತಿ ಎಲ್ಲಿ ಕೂತಿರತ್ತೆ? ಮಡಿಕೇಲಿ, ಅಂದ್ರೆ ಪ್ರೋಟೀನು ಮಡಿಸ್ಕೊಂಡಿರೋ ಆಕಾರದಲ್ಲಿ. ಒಂದೇ ಬಟ್ಟೇನ ಮೈಸೂರು ಪೇಟ ಥರಾನೂ ಸುತ್ಬಹುದು, ಇಲ್ಲಿ ಮದುವೇಲಿ ಕಟ್ತಾರಲ್ಲ ಕೊಲ್ಹಾಪುರಿ ಫೇಟಾ, ಹಾಗೂ ಸುತ್ಬಹುದು. ನೂಲಲ್ಲಿ ವ್ಯತ್ಯಾಸ ಇಲ್ಲ, ಸುತ್ತಿರೋ ರೀತೀಲಿ ಇದೆ. ಕೆಟ್ಟ ಪ್ರಿಯಾನ್ ಪಕ್ಕದ ಒಳ್ಳೆ ಪ್ರೋಟೀನನ್ನ ತನ್ನ ಥರಾನೇ ಮಡಿಸತ್ತೆ, ಆ ಮಡಿಕೆ ಹಾಗೇ ಮುಂದಕ್ಕೆ ಹೋಗತ್ತೆ, ಅಷ್ಟೇ ಇಲ್ಲಿ ವಂಶಪಾರಂಪರ್ಯ ಅನ್ನೋದು.

ಆದ್ರೆ ಇದರ ಮೇಲೆ ಇನ್ನೊಂದು ಪದರ ಇದೆ, ಸೀಕ್ವೆನ್ಸ್ (ಪ್ರೋಟೀನಲ್ಲಿ ಅಮೈನೋ ಆಸಿಡ್‌ಗಳು ಸಾಲಾಗಿ ಬರೋ ಕ್ರಮ) ಲೆಕ್ಕಕ್ಕಿಲ್ಲ ಅಂತ ಬರ್ಕೊಂಡ್ರೆ ತಪ್ಪಾಗತ್ತೆ. ಬಟ್ಟೆ ತುಂಬ ಗಡಸಾಗಿದ್ರೆ ಕೆಲವು ಸುತ್ತು ನಿಲ್ಲಲ್ಲ, ಹಾಗೇನೇ ಹೊಸ ಪ್ರಾಣಿಯ ಪಿಆರ್‌ಪೀಲಿ ಒಂದೇ ಒಂದು ಅಮೈನೋ ಆಸಿಡ್ ಬದಲಾದ್ರೂ ಕೆಲವು ಮಡಿಕೆ ಅದ್ರಲ್ಲಿ ಕೂರಲ್ಲ, ಬೇರೆ ಮಡಿಕೆ ಸಲೀಸಾಗಿ ಕೂರತ್ತೆ. ಅಂದ್ರೆ ಸ್ಟ್ರೇನ್ ಇರೋದು ಮಡಿಕೇಲಿ, ಯಾವ ಮಡಿಕೆ ಉಳೀಬೇಕು ಅಂತ ಆರಿಸೋದು ಆತಿಥೇಯ ಪ್ರಾಣಿಯ ಸೀಕ್ವೆನ್ಸು. ಈ ಎರಡನ್ನ ಬೇರೆ ಬೇರೆ ಇಟ್ಕೊಂಡ್ರೆ ಮುಂದಿನ ನಂಬರೆಲ್ಲ ತಾನಾಗೇ ಜಾಗಕ್ಕೆ ಬರತ್ತೆ.

ನಂಬರ್ ನಾಲ್ಕು ನೆನಪಿಟ್ಕೊಳ್ಳಿ ಸಾಕು: 95, 96, 132, 226. ಇವು ಪಿಆರ್‌ಪಿ ಸಾಲಲ್ಲಿ ಎಷ್ಟನೇ ಅಮೈನೋ ಆಸಿಡ್ ಅನ್ನೋ ಲೆಕ್ಕ. ಜಿಂಕೆಗೂ ಎಲ್ಕ್‌ಗೂ ಇರೋ ಖಾಯಂ ವ್ಯತ್ಯಾಸ 226ರಲ್ಲಿ, ಜಿಂಕೇಲಿ ಗ್ಲುಟಮೈನ್, ಎಲ್ಕಲ್ಲಿ ಗ್ಲುಟಮಿಕ್ ಆಸಿಡ್. 132 ಎಲ್ಕ್‌ದು, ಅಪ್ಪ ಅಮ್ಮನಿಂದ ಬಂದ ಜೀನಿನ ಎರಡೂ ಪ್ರತೀಲಿ ಮೆಥಿಯೋನಿನ್ ಇದ್ರೆ ಬಾಯಿಂದ ಸೋಂಕು ಕೊಟ್ಟ ಸುಮಾರು 2 ವರ್ಷಕ್ಕೆ ಕಾಯಿಲೆ, ಎರಡೂ ಲ್ಯೂಸಿನ್ ಇದ್ರೆ 5 ವರ್ಷದ ಹತ್ರ ಹಿಡಿಯತ್ತೆ. 95 ಮತ್ತೆ 96 ವೈಟ್‌ಟೇಲ್‌ದು, ನನಗೆ ಇಡೀ ಟಾಪಿಕಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇನೇ. 96ರಲ್ಲಿ ಗ್ಲೈಸಿನ್ ಬದಲು ಸೆರಿನ್ ಇದ್ರೆ ಕಾಯಿಲೆ ನಿಧಾನ, 95ರಲ್ಲಿ ಹಿಸ್ಟಿಡಿನ್ ಇದ್ರೂ ನಿಧಾನ. ಒಳ್ಳೇದಾಯ್ತಲ್ಲ ಅನ್ಸತ್ತೆ. ಆದ್ರೆ ಸಾಮಾನ್ಯ ವಿಸ್ಕ್-1 ಸ್ಟ್ರೇನ್ ಆ ಹಿಸ್ಟಿಡಿನ್ ಜಿಂಕೆಗಳ ಒಳಗೆ ಹೋದಾಗ ಎಚ್95-ಪ್ಲಸ್ ಅನ್ನೋ ಹೊಸ ಸ್ಟ್ರೇನ್ ಹುಟ್ಕೊಳ್ತು. 96ರಲ್ಲಿ ಸೆರಿನ್ ಇರೋ ಜಿಂಕೆ ಪಿಆರ್‌ಪಿ ಜೀನ್ ಸೇರಿಸಿದ ಟ್ರಾನ್ಸ್‌ಜೆನಿಕ್ ಇಲಿಗಳಿಗೆ ವಿಸ್ಕ್-1 ಕೊಟ್ರೆ ಏನೂ ಆಗ್ಲಿಲ್ಲ, ಎಚ್95-ಪ್ಲಸ್ ಕೊಟ್ರೆ ಕಾಯಿಲೆ ಬಂತು, ಮಾಮೂಲಿ ಲ್ಯಾಬ್ ಇಲೀಗೂ ಅದು ಹತ್ಕೊಳ್ತು. ಅದಕ್ಕೇ, ತಡೆಯೋ ಜೀನ್ ಇರೋ ಜಿಂಕೆಗಳನ್ನೇ ಸಾಕಿ ಬೆಳೆಸಿದ್ರೆ ಕಾಯಿಲೆ ಹೋಗತ್ತೆ ಅನ್ನೋ ವಾದ ಕೇಳಿದಾಗ ನಂಗೆ ನಿಜಕ್ಕೂ ಆತಂಕ ಆಗತ್ತೆ, ಹಳೇ ಮಡಿಕೇನ ತಡೆದು ಹೊಸ ಮಡಿಕೆಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಸ್ಟ್ರೇನ್ ಬೇರೆ ಅಂತ ಗೊತ್ತು ಮಾಡೋದು ಇಲಿಗಳಲ್ಲಿ ಕಾಯಿಲೆಗೆ ಎಷ್ಟು ದಿನ ಹಿಡೀತು, ಮೆದುಳಲ್ಲಿ ಎಲ್ಲಿ ಹಾನಿ, ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸೋ ಕಿಣ್ವ) ಕತ್ತರಿಸಿದ ಮೇಲೆ ಉಳಿದ ತುಂಡುಗಳನ್ನ ಗಾತ್ರದ ಪ್ರಕಾರ ತೋರಿಸೋ ಬ್ಲಾಟಲ್ಲಿ ಬ್ಯಾಂಡ್ ಎಲ್ಲಿ ಬಂತು ಅನ್ನೋದ್ರಿಂದ.

ಹರಡೋದು ಜೊಲ್ಲು, ಮೂತ್ರ, ಸಗಣಿ, ಸತ್ತ ದೇಹದಿಂದ, ಅದೂ ಲಕ್ಷಣ ಕಾಣೋಕೆ ಎಷ್ಟೋ ಮುಂಚಿನಿಂದ. ಕೊಲರಾಡೋದಲ್ಲಿ ಸೋಂಕಿನ ಜಿಂಕೆಗಳು 2 ವರ್ಷಕ್ಕೂ ಹಿಂದೆ ಇದ್ದು ಹೋದ ದೊಡ್ಡೀಲಿ ಆರೋಗ್ಯವಾಗಿದ್ದ ಮ್ಯೂಲ್ ಡೀರ್ ಬಿಟ್ರೆ ಅವಕ್ಕೂ ಬಂತು. ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಗೆ ಪ್ರಿಯಾನ್ ಅಂಟಿದ್ರೆ ಬಾಯಿ ಮೂಲಕ ಸೋಂಕೋ ಶಕ್ತಿ ಕಮ್ಮಿಯಾಗಲ್ಲ, ಹ್ಯಾಮ್‌ಸ್ಟರ್ ಪ್ರಯೋಗದಲ್ಲಿ ನೂರಾರು ಪಟ್ಟು ಹೆಚ್ಚಾಯ್ತು.

ಭಾರತದ ಜಿಂಕೆಗಳಲ್ಲಿ ಇದು ವರದಿಯಾಗಿಲ್ಲ, ಕಾತ್ರಜ್ ಝೂಲಿ ಕಡವೆ ನೋಡಿ ಗಾಬರಿ ಬೇಡ. ಆದ್ರೆ ನಮ್ಮ ಘಟ್ಟದ ಕಾಡುಕುರಿಯ ಹತ್ತಿರದ ಸಂಬಂಧಿ, ಚೀನಾ ಕಡೆಯ ಮಂಟ್‌ಜ್ಯಾಕ್‌ಗೆ ಲ್ಯಾಬಲ್ಲಿ ಸೋಂಕು ತಗುಲಿದೆ ಅನ್ನೋದನ್ನ ಪಕ್ಕದಲ್ಲಿ ಬರ್ಕೊಳ್ಳಿ.

ಕೊನೇದಾಗಿ ನಾರ್ವೆ. ಯೂರೋಪಿಗೆ ಮೊದಲ ಕೇಸ್ 2016ರಲ್ಲಿ, ನೂರ್‌ಫ್ಯೆಲ್ಲಾ ಅನ್ನೋ ಕಡೆಯ ಕಾಡು ರೇನ್‌ಡೀರಲ್ಲಿ. ಅದೇ ವರ್ಷ ಮೂಸಲ್ಲೂ ಸಿಕ್ತು, ಆದ್ರೆ ಎರಡನ್ನೂ ಒಂದೇ ಅಂತ ಓದ್ಬೇಡಿ. ರೇನ್‌ಡೀರಲ್ಲಿ ಪ್ರಿಯಾನ್ ದುಗ್ಧಗ್ರಂಥಿಗಳಲ್ಲೂ ಇತ್ತು, ಮೂಸಲ್ಲಿ ಮೆದುಳಲ್ಲಿ ಮಾತ್ರ, ಅದೂ ಹೆಚ್ಚಾಗಿ ವಯಸ್ಸಾದ ಪ್ರಾಣಿಗಳಲ್ಲಿ. ಬ್ಯಾಂಕ್ ವೋಲ್ ಇಲಿಗಳಲ್ಲಿ ಪರೀಕ್ಷೆ ಮಾಡಿದಾಗ ಎರಡೂ ಅಮೆರಿಕದ ಸ್ಟ್ರೇನ್‌ಗಿಂತ ಬೇರೆ ಅಂತ ಕಾಣ್ತು. ಆ ಜಾಗದ 2000ಕ್ಕೂ ಹೆಚ್ಚು ರೇನ್‌ಡೀರ್‌ಗಳನ್ನ ಕೊಂದು, ಮಣ್ಣಲ್ಲಿ ಉಳಿದಿರೋ ಪ್ರಿಯಾನ್ ಭಯಕ್ಕೆ ಆ ಜಾಗಾನ ವರ್ಷಗಟ್ಟಲೆ ಖಾಲಿ ಬಿಟ್ರು. 2020ರಲ್ಲಿ ಪಕ್ಕದ ಹಾರ್ಡಾಂಗರ್‌ವಿಡ್ಡಾದಲ್ಲಿ ಮತ್ತೊಂದು ರೇನ್‌ಡೀರ್ ಪಾಸಿಟಿವ್ ಬಂತು.